ಪರವಾನಿಗೆಯ ಬೆಲೆಯೂ ಹೊಸ ಕಲಿಕೆಯ ಆಯ್ಕೆಯೂ

ಹೆಣ್ಣುಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ತಾಯಿತಂದೆಗಳು ಹಿಂದೆ ಕೇಳುತ್ತಿದ್ದ ಪ್ರಶ್ನೆಯು ಬೇರೆ, ಈಗ ಕೇಳುವ ಪ್ರಶ್ನೆಯು ಬೇರೆ. ಶಾಲೆಗೆ ಕಳುಹಿಸಬೇಕೋ ಬೇಡವೋ ಎಂಬ ವಿಚಾರವು ನಮ್ಮ ಭಾಗದಲ್ಲಿ ಬಹುಮಟ್ಟಿಗೆ ಹಿಂದೆ ಬಿದ್ದಿರುತ್ತದೆ. “ನಮ್ಮ ಹುಡುಗಿಯು ಕಂಪ್ಯೂಟರ ಕಲಿಯುವೆನೆನ್ನುತ್ತಾಳೆ, ಏನನ್ನು ಕಲಿಸುವದು? ಅದಕ್ಕೆ ಖರ್ಚೆಷ್ಟು?” ಎಂಬದೇ ಈಗಿನ ಪ್ರಶ್ನೆಯು. ವಿಜಯಪುರದ ಪಟ್ಟಣವಾಸಿಗಳು ಮಾತ್ರವಲ್ಲ, ತಿಕೋಟಾ ಬಬಲೇಶ್ವರಗಳವರೂ, ಮಹಾರಾಷ್ಟ್ರದ ಗಡಿಗೆ ಸಮೀಪವಾದ ಕನಮಡಿಯಂಥ ಹಳ್ಳಿಯವರೂ ಇದನ್ನು ಕೇಳತಕ್ಕ ಕಾಲವು ಬಂದಿರುತ್ತದೆ. ವಿಜಯಪುರದಲ್ಲಿಯೇ ೨೦೦೩ರಲ್ಲಿ ಸ್ತ್ರೀಯರಿಗಾಗಿ ಪ್ರತ್ಯೇಕ ವಿಶ್ವವಿದ್ಯಾಲಯವೊಂದು ಸ್ಥಾಪಿತವಾಗಿ, ಈಗ ಅಕ್ಕಮಹಾದೇವಿಯ ಹೆಸರಿನಿಂದ ನಡೆಯುತ್ತಿರುವದರಿಂದ, ಉಚ್ಚ ಶಿಕ್ಷಣದ ಬಾಗಿಲು ನಮ್ಮ ಮನೆಗಳಿಗೆ ದೂರವಾಗಿಲ್ಲ.

ಈ ಪ್ರಶ್ನೆಗೆ ಉತ್ತರ ಹೇಳುವವರು ಸಾಮಾನ್ಯವಾಗಿ ಯಂತ್ರದ ಬೆಲೆಯನ್ನೂ ತರಗತಿಯ ಫೀಯನ್ನೂ ಲೆಕ್ಕ ಹಾಕಿ ಸುಮ್ಮನಾಗುತ್ತಾರೆ. ಆದರೆ ಇವೆರಡರ ಹಿಂದೆ ಮರೆಯಾಗಿ ನಿಂತ ಮೂರನೆಯ ಖರ್ಚೊಂದುಂಟು. ಅದೇ ತಂತ್ರಾಂಶದ ಪರವಾನಿಗೆಯ ಬೆಲೆ. ಹೊಸದಾಗಿ ಕಲಿಯುವ ಹುಡುಗಿಯು ಯಾವ ದಾರಿಯನ್ನು ಹಿಡಿಯುವಳೆಂಬದನ್ನು ಈ ಖರ್ಚು ಎಷ್ಟೋ ಸಲ ಅವಳಿಗೆ ತಿಳಿಯದಂತೆಯೇ ನಿರ್ಣಯಿಸಿಬಿಡುತ್ತದೆ. ಅದು ಹೇಗೆ, ಮತ್ತು ಆ ನಿರ್ಣಯವನ್ನು ನಾವು ಕಣ್ಣು ತೆರೆದು ಮಾಡುವದು ಹೇಗೆ ಎಂಬದನ್ನು ವಿಚಾರಿಸುವದೇ ಈ ಲೇಖನದ ಉದ್ದೇಶವು.

ಪರವಾನಿಗೆಯೆಂದರೇನು?

ಅಂಗಡಿಯಲ್ಲಿ ಇಳಕಲ್ಲ ಸೀರೆಯೊಂದನ್ನು ಕೊಂಡರೆ ಅದು ನಮ್ಮದಾಗುವದು. ಉಡಬಹುದು, ತಂಗಿಗೆ ಕೊಡಬಹುದು, ಹಳತಾದ ಮೇಲೆ ಕತ್ತರಿಸಿ ಕೌದಿ ಹೊಲಿಯಬಹುದು. ತಂತ್ರಾಂಶದ ವಿಷಯವು ಹಾಗಲ್ಲ. ಹಣ ಕೊಟ್ಟವರಿಗೆ ದೊರೆಯುವದು ಆ ವಸ್ತುವಿನ ಒಡೆತನವಲ್ಲ, ಅದನ್ನು ಉಪಯೋಗಿಸುವ ಅಪ್ಪಣೆ. ಎಷ್ಟು ಯಂತ್ರಗಳಲ್ಲಿ, ಎಷ್ಟು ಕಾಲ, ಯಾವ ಕೆಲಸಕ್ಕೆ ಉಪಯೋಗಿಸಬಹುದೆಂಬ ಕರಾರಿಗೆ ಪರವಾನಿಗೆ ಅಥವಾ ಲೈಸೆನ್ಸು ಎಂದು ಹೆಸರು.

ಈ ಪರವಾನಿಗೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಒಂದೇ ಸಲ ಹಣ ಕೊಟ್ಟು ಪಡೆಯುವದು ಒಂದನೆಯದು. ವರ್ಷವರ್ಷಕ್ಕೆ ಅಥವಾ ತಿಂಗಳು ತಿಂಗಳಿಗೆ ಬಾಡಿಗೆಯಂತೆ ಕೊಡತಕ್ಕದ್ದು ಎರಡನೆಯದು. ಹಣವನ್ನು ಕೇಳದೆ, ಆದರೆ ಒಳಗಿನ ರಚನೆಯನ್ನು ಮುಚ್ಚಿಟ್ಟು, ಬೇಕಾದಾಗ ಕರಾರನ್ನು ಬದಲಿಸುವ ಹಕ್ಕನ್ನು ಒಡೆಯನು ತನ್ನಲ್ಲಿಯೇ ಇರಿಸಿಕೊಂಡದ್ದು ಮೂರನೆಯದು. ಉಪಯೋಗಿಸುವ, ಒಳಗಿನ ರಚನೆಯನ್ನು ಓದಿ ತಿಳಿಯುವ, ತಿದ್ದುವ, ಇತರರಿಗೆ ಹಂಚುವ ಸ್ವಾತಂತ್ರ್ಯಗಳನ್ನೆಲ್ಲ ಬರಹದಲ್ಲಿಯೇ ಕೊಟ್ಟದ್ದು ನಾಲ್ಕನೆಯದು. ಈ ಕೊನೆಯದಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು.

ನಮ್ಮ ಒಕ್ಕಲುತನದಲ್ಲಿ ಇದಕ್ಕೆ ಸಮೀಪವಾದ ಉಪಮೆಯು ಬೀಜವೇ. ಮಾಲದಂಡಿ ಜೋಳವನ್ನು ಬಿತ್ತುವ ರೈತನು ತನ್ನ ಬೆಳೆಯಲ್ಲಿಯೇ ಒಳ್ಳೆಯ ತೆನೆಯನ್ನು ಆರಿಸಿ ಬರುವ ವರ್ಷಕ್ಕೆ ಬೀಜವಾಗಿ ಇಟ್ಟುಕೊಳ್ಳಬಲ್ಲನು. ನೆರೆಯವನಿಗೂ ಒಂದು ಸೇರು ಕೊಡಬಲ್ಲನು. ಸಂಕರ ಬೀಜವನ್ನು ಬಿತ್ತುವವನು ಹೆಚ್ಚು ಬೆಳೆಯನ್ನು ಕಾಣಬಹುದಾದರೂ ಪ್ರತಿವರ್ಷ ಅಂಗಡಿಗೆ ಹೋಗಲೇಬೇಕು. ಎರಡರಲ್ಲಿ ಒಂದು ಪಾಪವಲ್ಲ, ಇನ್ನೊಂದು ಪುಣ್ಯವೂ ಅಲ್ಲ. ಆದರೆ ಬಿತ್ತುವದಕ್ಕೆ ಮುಂಚೆ ಯಾವದನ್ನು ಬಿತ್ತುತ್ತಿದ್ದೇವೆಂದು ತಿಳಿದಿರಬೇಕು.

ಇನ್ನು ‘ವೇದಿಕೆ’ ಎಂಬ ಮಾತು. ಪ್ರೋಗ್ರಾಮನ್ನು ಬರೆಯುವ ಭಾಷೆ, ಆ ಭಾಷೆಯನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ಕಂಪೈಲರು, ಬರೆಯುವದಕ್ಕೆ ಬೇಕಾದ ಸಾಧನ, ಇವೆಲ್ಲಕ್ಕೂ ಆಧಾರವಾದ ವಿಂಡೋಸ್ ಅಥವಾ ಲಿನಕ್ಸಿನಂಥ ಮೂಲವ್ಯವಸ್ಥೆ, ಇಷ್ಟೂ ಸೇರಿ ಒಂದು ವೇದಿಕೆಯಾಗುವದು. ಕಲಿಯುವವಳು ಮೊದಲು ಯಾವ ವೇದಿಕೆಯ ಮೇಲೆ ಕಾಲಿಡುತ್ತಾಳೋ ಅದರ ರೂಢಿಯು ಅವಳಲ್ಲಿ ಬಹುಕಾಲ ನಿಲ್ಲುವದು.

ಬೆಲೆಯು ದಾರಿಯನ್ನು ತಿರುಗಿಸಿದ ಬಗೆ

ಈ ವ್ಯಾಜ್ಯವು ಇಂದಿನದಲ್ಲ. ೧೯೭೬ರ ಫೆಬ್ರುವರಿಯಲ್ಲಿ, ಆಗಿನ್ನೂ ತರುಣನಾಗಿದ್ದ ಬಿಲ್ ಗೇಟ್ಸನು ಹವ್ಯಾಸಿಗಳಿಗೆ ಬಹಿರಂಗ ಪತ್ರವೊಂದನ್ನು ಬರೆದನು. ಆಲ್ಟೇರ್ ಎಂಬ ಸಣ್ಣ ಗಣಕಯಂತ್ರಕ್ಕಾಗಿ ತಾನೂ ತನ್ನ ಜೊತೆಗಾರರೂ ಸಿದ್ಧಪಡಿಸಿದ ಬೇಸಿಕ್ ಭಾಷೆಯನ್ನು ಬಹುಜನರು ಉಪಯೋಗಿಸುತ್ತಿದ್ದರೂ, ಆ ಯಂತ್ರದ ಒಡೆಯರಲ್ಲಿ ನೂರಕ್ಕೆ ಹತ್ತು ಮಂದಿಯೂ ಹಣ ಕೊಟ್ಟು ಕೊಂಡಿಲ್ಲವೆಂಬದು ಅವನ ದೂರಾಗಿತ್ತು. ದುಡಿದವನಿಗೆ ಕೂಲಿ ಸಲ್ಲಬೇಕೆಂಬ ಅವನ ವಾದದಲ್ಲಿ ನ್ಯಾಯವಿತ್ತು. ಆದರೆ ಕೈಯಲ್ಲಿ ಹಣವಿಲ್ಲದ ಹೊಸಬನು ಹೇಗಾದರೂ ಕಲಿಯಲು ಹವಣಿಸುತ್ತಾನೆಂಬದೂ ಅದೇ ಪತ್ರದಿಂದ ತಿಳಿಯುವದು.

೧೯೮೩ರಲ್ಲಿ ಬೋರ್ಲೆಂಡ್ ಕಂಪನಿಯು ಟರ್ಬೊ ಪಾಸ್ಕಲ್ ಎಂಬ ಸಾಧನವನ್ನು ೫೦ ಡಾಲರಿಗೆ ಐದು ಸೆಂಟು ಕಡಿಮೆಯಾಗಿ ಮಾರಿತು. ಅಂಥ ಸಾಧನಗಳಿಗೆ ನೂರಾರು ಡಾಲರು ಬೆಲೆಯಿದ್ದ ಕಾಲವದು. ಬೆಲೆಯಿಳಿದ ಕೂಡಲೆ ವಿದ್ಯಾರ್ಥಿಗಳೂ ಮನೆಯಲ್ಲಿ ಕುಳಿತು ಕಲಿಯುವವರೂ ಅದರ ಕಡೆಗೆ ನುಗ್ಗಿದರು. ಅದೇ ಕಂಪನಿಯು ೧೯೮೭ರಲ್ಲಿ ಹೊರಡಿಸಿದ ಟರ್ಬೊ ಸಿ ಎಂಬ ಸಾಧನವು ನಮ್ಮ ದೇಶದ ಅನೇಕ ಕಾಲೇಜುಗಳಲ್ಲಿ ೨೦೦೦ದ ನಂತರವೂ ಬಹುಕಾಲ ಪಾಠಕ್ಕೆ ಉಪಯೋಗಿಸಲ್ಪಟ್ಟಿತು. ಹೊರಗಿನ ಲೋಕದಲ್ಲಿ ಅದು ಹಳತಾಗಿ ಹೋಗಿದ್ದರೂ ಉಪಾಧ್ಯಾಯರಿಗೆ ರೂಢಿಯಾಗಿತ್ತು. ಪುಸ್ತಕಗಳು ಅದಕ್ಕೇ ತಕ್ಕಂತೆ ಬರೆಯಲ್ಪಟ್ಟಿದ್ದವು. ಒಮ್ಮೆ ಸುಲಭವಾಗಿ ಒಳಗೆ ಬಂದದ್ದು ಬಹುಕಾಲ ಹೊರಗೆ ಹೋಗುವದಿಲ್ಲವೆಂಬದಕ್ಕೆ ಇದು ದೃಷ್ಟಾಂತವು.

ಇನ್ನೊಂದು ಕಡೆಯಿಂದ ಬೇರೊಂದು ಪ್ರವಾಹವು ಹೊರಟಿತು. ರಿಚರ್ಡ್ ಸ್ಟಾಲ್ಮನ್ ಎಂಬವರು ೧೯೮೩ರಲ್ಲಿ ಗ್ನು ಎಂಬ ಯೋಜನೆಯನ್ನು ಸಾರಿ, ೧೯೮೯ರಲ್ಲಿ ಮುಕ್ತ ತಂತ್ರಾಂಶಕ್ಕೆ ತಕ್ಕ ಪರವಾನಿಗೆಯ ಬರಹವನ್ನು ಪ್ರಕಟಿಸಿದರು. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸರು ಲಿನಕ್ಸನ್ನು ಹೊರಗೆಡಹಿ, ೧೯೯೨ರಲ್ಲಿ ಅದನ್ನು ಅದೇ ಪರವಾನಿಗೆಯ ಕೆಳಗೆ ತಂದರು. ನೆದರ್ಲೆಂಡ್ಸಿನ ಗೀಡೋ ವಾನ್ ರಾಸಮ್ಮರು ಪೈಥಾನ್ ಭಾಷೆಯನ್ನು ಪ್ರಕಟಿಸಿದ್ದೂ ೧೯೯೧ರಲ್ಲಿಯೇ. ನಮ್ಮ ಮನೆಮನೆಗಳಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗಿನ ತಿರುಳು ಲಿನಕ್ಸೇ ಆಗಿರುತ್ತದೆ. ಪೈಥಾನಂತೂ ಇಂದು ಹೊಸಬರ ಮೊದಲ ಭಾಷೆಗಳಲ್ಲಿ ಮುಖ್ಯವಾದದ್ದು. ಇದಕ್ಕೆ ಅದರ ಸರಳತೆಯು ಕಾರಣವೆಂಬದು ನಿಜವೇ. ಆದರೆ ಬಾಗಿಲಲ್ಲಿ ಸುಂಕವಿಲ್ಲದಿರುವದೂ ಸಣ್ಣ ಕಾರಣವಲ್ಲ.

ಮಾರುವವರೂ ಈ ಪಾಠವನ್ನು ಕಲಿತರು. ೨೦೧೪ರ ನವೆಂಬರದಲ್ಲಿ ಮೈಕ್ರೋಸಾಫ್ಟ್ ಕಂಪನಿಯು ತನ್ನ ವಿಷುವಲ್ ಸ್ಟುಡಿಯೋ ಎಂಬ ಸಾಧನದ ಒಂದು ಪೂರ್ಣ ಆವೃತ್ತಿಯನ್ನು ವಿದ್ಯಾರ್ಥಿಗಳಿಗೂ ಸಣ್ಣ ಗುಂಪುಗಳಿಗೂ ಉಚಿತವಾಗಿ ಕೊಡಲಾರಂಭಿಸಿ, ಡಾಟ್‌ನೆಟ್ ವೇದಿಕೆಯ ತಿರುಳನ್ನು ಮುಕ್ತಗೊಳಿಸುವದಾಗಿ ಸಾರಿತು. ೧೯೭೬ರ ಪತ್ರವನ್ನು ಬರೆದವರು ಕಟ್ಟಿದ ಕಂಪನಿಯೇ ಹೀಗೆ ಮಾಡಬೇಕಾದರೆ, ಹೊಸಬರ ಮನಸ್ಸು ಯಾವ ಕಡೆಗೆ ವಾಲಿತ್ತೆಂಬದನ್ನು ವಾಚಕರು ಊಹಿಸಬಹುದು.

ಹೊಸಬಳ ಮೇಲೆಯೇ ಭಾರವೇಕೆ?

ಬೆಂಗಳೂರಿನ ಕಂಪನಿಯೊಂದರಲ್ಲಿ ಹತ್ತು ವರ್ಷ ದುಡಿದ ಇಂಜಿನಿಯರಳಿಗೆ ಪರವಾನಿಗೆಯ ಬೆಲೆಯು ಕಾಣುವದೇ ಇಲ್ಲ, ಏಕೆಂದರೆ ಕಂಪನಿಯೇ ಅದನ್ನು ತೆರುವದು. ಆ ಬೆಲೆಗಿಂತ ಅವಳ ಒಂದು ತಿಂಗಳ ಸಂಬಳವೇ ದೊಡ್ಡದಾಗಿರಬಹುದು. ಸಮಯವನ್ನು ಉಳಿಸುವ ಸಾಧನವಾದರೆ ಬೆಲೆ ಕೊಟ್ಟು ಕೊಳ್ಳುವದೇ ಅಲ್ಲಿ ಜಾಣತನವು.

ಕನಮಡಿಯಲ್ಲಿ ಮನೆಯ ಜಗುಲಿಯ ಮೇಲೆ ಕುಳಿತು ಕಲಿಯುವ ಹುಡುಗಿಯ ಸ್ಥಿತಿಯನ್ನು ಊಹಿಸೋಣ. ದ್ರಾಕ್ಷಿಯ ಬೆಳೆಯ ಹಣ ಬಂದಾಗ ತಂದೆಯು ಒಂದು ಸಲ ಲ್ಯಾಪ್‌ಟಾಪನ್ನು ಕೊಡಿಸಬಹುದು. ಆದರೆ ಮಳೆ ತಪ್ಪಿದ ವರ್ಷದಲ್ಲಿಯೂ ಬಾಡಿಗೆಯನ್ನು ಕೇಳುವ ಪರವಾನಿಗೆಯನ್ನು ಅವನು ನಡೆಸಿಕೊಂಡು ಬರಲಾರನು. ಅವಳಿಗೆ ಇನ್ನೂ ಗಳಿಕೆಯಿಲ್ಲ. ಕೊಳ್ಳುವ ವಸ್ತುವು ತನಗೆ ತಕ್ಕದ್ದೋ ಅಲ್ಲವೋ ಎಂಬದೂ ಕಲಿತ ಮೇಲೆಯೇ ತಿಳಿಯತಕ್ಕದ್ದು. ಹೀಗೆ ಬೆಲೆಯನ್ನು ಅಳೆಯುವ ಶಕ್ತಿಯು ಬರುವದಕ್ಕೆ ಮುಂಚೆಯೇ ಬೆಲೆಯನ್ನು ತೆರಬೇಕಾಗುವದು ಹೊಸಬಳ ಕಷ್ಟವು.

ಒಂದು ಉದಾಹರಣೆಯನ್ನು ನೋಡಿರಿ. ಮೊಬೈಲಿಗೆ ಅಪ್ಲಿಕೇಶನ್ ಬರೆದು ಲೋಕಕ್ಕೆ ಕೊಡಬೇಕೆಂಬವಳಿಗೆ ಎರಡು ದೊಡ್ಡ ದಾರಿಗಳುಂಟು. ಗೂಗಲ್ಲಿನ ಪ್ಲೇ ಸ್ಟೋರಿನಲ್ಲಿ ಹೆಸರು ನೋಂದಿಸುವದಕ್ಕೆ ೨೫ ಡಾಲರುಗಳನ್ನು ಒಂದೇ ಸಲ ಕೊಟ್ಟರೆ ಸಾಕು. ಬರೆಯುವ ಸಾಧನವಾದ ಆಂಡ್ರಾಯ್ಡ್ ಸ್ಟುಡಿಯೋ ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಉಚಿತವಾಗಿ ನಡೆಯುವದು. ಆಪಲ್ಲಿನ ಅಂಗಡಿಗೆ ಹೋಗಬೇಕೆಂದರೆ ಪ್ರತಿವರ್ಷ ೯೯ ಡಾಲರು. ಅಲ್ಲಿಯ ಸಾಧನವಾದ ಎಕ್ಸ್‌ಕೋಡಿಗೆ ಬೆಲೆಯಿಲ್ಲವಾದರೂ ಅದು ಆಪಲ್ಲಿನ ಗಣಕಯಂತ್ರದಲ್ಲಿ ಮಾತ್ರ ನಡೆಯುವದು. ಎರಡನೆಯ ದಾರಿಯು ಕೆಟ್ಟದ್ದೆಂದು ನಾವು ಹೇಳುವದಿಲ್ಲ. ಆದರೆ ನಮ್ಮ ಹಳ್ಳಿಗಳ ಹುಡುಗಿಯರು ಮೊದಲನೆಯದನ್ನೇ ಹಿಡಿದರೆ, ಅದು ಬುದ್ಧಿಯ ಆಯ್ಕೆಗಿಂತ ಮುಂಚೆ ಕಿಸೆಯ ಆಯ್ಕೆಯಾಗಿರುತ್ತದೆ.

ಕಳ್ಳ ಪ್ರತಿಯೆಂಬ ಸುಳ್ಳು ಅಗ್ಗ

“ಬೆಲೆಯೇಕೆ ಕೊಡಬೇಕು? ಪೇಟೆಯಲ್ಲಿ ಹಾಗೆಯೇ ಹಾಕಿಕೊಡುತ್ತಾರೆ” ಎನ್ನುವವರುಂಟು. ಪರವಾನಿಗೆಯಿಲ್ಲದ ಪ್ರತಿಯನ್ನು ತಿಳಿದೂ ಉಪಯೋಗಿಸುವದು ನಮ್ಮ ದೇಶದಲ್ಲಿ ಅಪರಾಧವು. ೧೯೫೭ರ ಕೃತಿಸ್ವಾಮ್ಯದ ಕಾಯ್ದೆಗೆ ೧೯೯೪ರಲ್ಲಿ ಸೇರಿಸಿದ ೬೩ಬಿ ಕಲಮಿನ ಪ್ರಕಾರ ಇದಕ್ಕೆ ಏಳು ದಿವಸಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷಗಳ ವರೆಗೆ ಸೆರೆವಾಸವೂ, ೫೦,೦೦೦ ರೂಪಾಯಿಗಳಿಂದ ೨ ಲಕ್ಷ ರೂಪಾಯಿಗಳ ವರೆಗೆ ದಂಡವೂ ವಿಧಿಸಲ್ಪಡಬಹುದು. ವ್ಯಾಪಾರದ ಲಾಭಕ್ಕಾಗಿ ಅಲ್ಲವೆಂದು ಕೋರ್ಟಿಗೆ ಮನವರಿಕೆಯಾದರೆ ಸೆರೆಯನ್ನು ಬಿಟ್ಟು ೫೦,೦೦೦ ರೂಪಾಯಿಗಳ ವರೆಗೆ ದಂಡವನ್ನು ಮಾತ್ರ ವಿಧಿಸುವ ಅಧಿಕಾರವುಂಟು.

ಕಾಯ್ದೆಯ ಭಯವಲ್ಲದೆ ಇನ್ನೊಂದು ಹಾನಿಯೂ ಇದೆ. ಕಳ್ಳ ಪ್ರತಿಯು ನಿಜವಾದ ಬೆಲೆಯನ್ನು ಮರೆಮಾಡುವದರಿಂದ ಆಯ್ಕೆಯೇ ತಪ್ಪುವದು. ಸಾವಿರಾರು ರೂಪಾಯಿಗಳ ಸಾಧನವೂ ಬೆಲೆಯಿಲ್ಲದ ಸಾಧನವೂ ಕಲಿಯುವವಳ ಕಣ್ಣಿಗೆ ಸಮನಾಗಿ ತೋರಿ, ಅವಳು ಮೊದಲನೆಯದನ್ನೇ ರೂಢಿಸಿಕೊಳ್ಳುತ್ತಾಳೆ. ಮುಂದೆ ತನ್ನದೇ ಸಣ್ಣ ಉದ್ಯೋಗವನ್ನು ಆರಂಭಿಸುವ ದಿವಸ ಬಂದಾಗ ಬೆಲೆಯ ಪತ್ರವು ಎದುರಿಗೆ ನಿಲ್ಲುವದು. ಆಗ ಬೇರೆಯದನ್ನು ಕಲಿಯುವ ವೇಳೆಯಿರುವದಿಲ್ಲ. ವಿದ್ಯಾರ್ಥಿಗಳಿಗೆಂದು ಕಂಪನಿಗಳು ಕೊಡುವ ಉಚಿತ ಅಥವಾ ಅಗ್ಗದ ಪರವಾನಿಗೆಯಲ್ಲಿಯೂ ಇದೇ ಎಚ್ಚರಿಕೆಯು ಬೇಕು. ಅದು ನ್ಯಾಯವಾದದ್ದೇ, ಉಪಕಾರವೂ ಹೌದು. ಆದರೆ ಓದು ಮುಗಿದ ಮರುದಿವಸ ಅದರ ಬೆಲೆಯೆಷ್ಟೆಂಬದನ್ನು ಓದು ಆರಂಭಿಸುವ ದಿವಸವೇ ಕೇಳಿಕೊಳ್ಳಬೇಕು.

ಕಾಸರಗೋಡಿನ ಕನ್ನಡ ಶಾಲೆಗಳ ದೃಷ್ಟಾಂತ

ಒಬ್ಬೊಬ್ಬ ಹುಡುಗಿಯು ಒಂಟಿಯಾಗಿ ಮಾಡಬೇಕಾದ ಈ ಆಯ್ಕೆಯನ್ನು ಒಂದು ರಾಜ್ಯವೇ ಕೂಡಿ ಮಾಡಿದ ಉದಾಹರಣೆಯು ಕನ್ನಡಿಗರ ನಡುವೆಯೇ ಉಂಟು. ನಮ್ಮ ಕನಮಡಿಯು ಮಹಾರಾಷ್ಟ್ರದ ಅಂಚಿನಲ್ಲಿರುವಂತೆ ಕಾಸರಗೋಡು ಜಿಲ್ಲೆಯು ಕೇರಳದ ಉತ್ತರದ ತುದಿಯಲ್ಲಿದ್ದು, ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ನಡೆಯುತ್ತಿವೆ. ಕೇರಳ ಸರಕಾರವು ೨೦೦೧ರಲ್ಲಿ ಐ.ಟಿ. ಅಟ್ ಸ್ಕೂಲ್ ಎಂಬ ಯೋಜನೆಯನ್ನು ಆರಂಭಿಸಿತು. ಅದು ೨೦೧೭ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಮಾರ್ಪಟ್ಟಿತು. ಕ್ರಮಕ್ರಮವಾಗಿ ಅಲ್ಲಿಯ ಸರಕಾರೀ ಮತ್ತು ಅನುದಾನಿತ ಶಾಲೆಗಳ ಗಣಕಯಂತ್ರದ ಪಾಠವೆಲ್ಲ ಲಿನಕ್ಸಿನ ಆಧಾರದ ಮುಕ್ತ ತಂತ್ರಾಂಶಗಳಿಗೆ ತಿರುಗಿತು. ಈ ವಿಷಯದ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷು, ತಮಿಳುಗಳ ಜೊತೆಗೆ ಕನ್ನಡದಲ್ಲಿಯೂ ಹೊರಡುತ್ತವೆ. ೨೦೧೮ರಲ್ಲಿ ಆರಂಭವಾದ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿ ಸಂಘಗಳಲ್ಲಿ ಪ್ರೌಢಶಾಲೆಯ ಮಕ್ಕಳು ಚಲಿಸುವ ಚಿತ್ರಗಳ ರಚನೆಯನ್ನೂ ಪ್ರೋಗ್ರಾಮು ಬರೆಯುವದನ್ನೂ ಅಭ್ಯಾಸ ಮಾಡುತ್ತಾರೆ.

ಹಣದ ಲೆಕ್ಕವನ್ನು ಆ ಸಂಸ್ಥೆಯೇ ೨೦೧೯ರಲ್ಲಿ ಹೇಳಿತು. ಒಂದೊಂದು ಯಂತ್ರಕ್ಕೆ ಬೇಕಾಗುವ ಸಾಧನಗಳನ್ನೆಲ್ಲ ಬೆಲೆ ಕೊಟ್ಟು ತಂದಿದ್ದರೆ ಕನಿಷ್ಠ ಒಂದೂವರೆ ಲಕ್ಷ ರೂಪಾಯಿಗಳಾಗುತ್ತಿದ್ದವೆಂದೂ, ಎರಡು ಲಕ್ಷ ಯಂತ್ರಗಳಿಗೆ ೩,೦೦೦ ಕೋಟಿ ರೂಪಾಯಿಗಳ ಉಳಿತಾಯವಾಯಿತೆಂದೂ ಅದರ ಅಂದಾಜು. ಇದು ಸಂಸ್ಥೆಯ ಸ್ವಂತ ಲೆಕ್ಕವಾದ್ದರಿಂದ ಅಷ್ಟು ಹಣವನ್ನು ಯಾವ ಸರಕಾರವಾದರೂ ನಿಜವಾಗಿ ಖರ್ಚು ಮಾಡುತ್ತಿತ್ತೋ ಎಂದು ಸಂಶಯಪಡಬಹುದು. ಆದರೆ ಹಣಕ್ಕಿಂತ ದೊಡ್ಡದಾದ ಲಾಭವು ಬೇರೆಯಿರುತ್ತದೆ. ಶಾಲೆಯಲ್ಲಿ ಕಲಿತ ಸಾಧನವನ್ನೇ ಮಗುವು ಮನೆಗೆ ಒಯ್ಯಬಲ್ಲದು. ಅಕ್ಕನ ಹಳೆಯ ಯಂತ್ರದಲ್ಲಿ ಹಾಕಿಕೊಂಡರೂ ಅದು ಕಳವಲ್ಲ. ನೆರೆಮನೆಯ ಗೆಳತಿಗೆ ಕೊಟ್ಟರೂ ತಪ್ಪಲ್ಲ. ಅಲ್ಲದೆ ತಿದ್ದುವ ಸ್ವಾತಂತ್ರ್ಯವಿರುವದರಿಂದಲೇ ಮುಕ್ತ ತಂತ್ರಾಂಶವನ್ನು ಕನ್ನಡಕ್ಕೆ ಅಳವಡಿಸುವದಕ್ಕೆ ಯಾರ ಅಪ್ಪಣೆಯೂ ಬೇಕಾಗುವದಿಲ್ಲ.

ಉಚಿತವೆಲ್ಲ ಮುಕ್ತವಲ್ಲ

ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’ ತಂತ್ರಾಂಶವು ಕನ್ನಡಿಗರಿಗೆ ಗಣಕಯಂತ್ರದಲ್ಲಿ ಬರೆಯುವ ಸೌಕರ್ಯವನ್ನು ಬಹುಕಾಲ ಉಚಿತವಾಗಿ ಒದಗಿಸಿತು. ಮುಂದಿನ ಆವೃತ್ತಿಗಳಿಗೆ ಬೆಲೆಯಿರಿಸಲಾಯಿತು. ಒಬ್ಬರ ದುಡಿಮೆಗೆ ಪ್ರತಿಫಲ ಕೇಳುವದರಲ್ಲಿ ತಪ್ಪಿಲ್ಲ. ಅಷ್ಟು ವರ್ಷ ಕೊಟ್ಟದ್ದಕ್ಕೆ ಕನ್ನಡಿಗರು ಋಣಿಗಳೇ ಆಗಿದ್ದಾರೆ. ಆದರೆ ಉಚಿತವೆಂಬದು ಕೊಡುವವರ ಇಚ್ಛೆ, ಮುಕ್ತವೆಂಬದು ಪಡೆದವರ ಹಕ್ಕು ಎಂಬದು ಇದರಿಂದ ತಿಳಿಯುವದು.

ಹೊರಗಿನ ಲೋಕದಲ್ಲಿ ಇದೇ ಭೇದವು ಇನ್ನೂ ತೀವ್ರವಾಗಿ ಕಂಡುಬಂದಿರುತ್ತದೆ. ಜಾವಾ ಭಾಷೆಯ ಸಾಧನಗಳನ್ನು ಸನ್ ಕಂಪನಿಯು ೧೯೯೫ರಿಂದ ಉಚಿತವಾಗಿ ಹಂಚಿದ್ದರಿಂದ ನಮ್ಮ ದೇಶದ ಅಸಂಖ್ಯ ತರುಣ ತರುಣಿಯರು ಅದನ್ನು ಕಲಿತರು. ೨೦೧೦ರಲ್ಲಿ ಸನ್ ಕಂಪನಿಯನ್ನು ಕೊಂಡ ಒರೇಕಲ್ಲು ೨೦೧೯ರಲ್ಲಿ ಕರಾರನ್ನು ಬದಲಿಸಿ, ವ್ಯಾಪಾರಕ್ಕಾಗಿ ತನ್ನ ಪ್ರತಿಯನ್ನು ಉಪಯೋಗಿಸುವವರಿಂದ ಹಣ ಕೇಳಿತು. ಆದರೂ ಜಾವಾ ಕಲಿತವರ ವಿದ್ಯೆಯು ಹಾಳಾಗಲಿಲ್ಲ, ಏಕೆಂದರೆ ಅದರ ಮುಕ್ತ ರೂಪವಾದ ಓಪನ್ ಜೆಡಿಕೆಯು ಅದಕ್ಕೆ ಮುಂಚೆಯೇ ಸಿದ್ಧವಾಗಿತ್ತು. ಬಹುಜನರು ಅದಕ್ಕೆ ಸರಿದರು. ಇದಕ್ಕೆ ವಿರುದ್ಧವಾಗಿ, ಆಟಗಳನ್ನು ರಚಿಸುವ ಯೂನಿಟಿ ಎಂಬ ಸಾಧನದ ಕಂಪನಿಯು ೨೦೨೩ರ ಸೆಪ್ಟೆಂಬರದಲ್ಲಿ, ಒಂದು ಮಿತಿಯನ್ನು ಮೀರಿದ ಆಟಗಳು ಒಬ್ಬೊಬ್ಬರ ಯಂತ್ರದಲ್ಲಿ ಹೂಡಲ್ಪಟ್ಟಂತೆ ಶುಲ್ಕ ತೆರಬೇಕೆಂದು ಸಾರಿದಾಗ, ವರ್ಷಗಟ್ಟಲೆ ಅದನ್ನೇ ನಂಬಿ ಕಲಿತವರು ಕಂಗೆಟ್ಟರು. ಬಲವಾದ ಪ್ರತಿಭಟನೆಯ ನಂತರ ಕಂಪನಿಯು ೨೦೨೪ರ ಸೆಪ್ಟೆಂಬರದಲ್ಲಿ ಆ ಶುಲ್ಕವನ್ನು ಹಿಂತೆಗೆದುಕೊಂಡಿತು. ಮೊದಲನೆಯ ಸಂಗತಿಯಲ್ಲಿ ಹೊರಗೆ ಹೋಗುವ ಬಾಗಿಲಿತ್ತು, ಎರಡನೆಯದರಲ್ಲಿ ಬೇಡಿಕೊಳ್ಳಬೇಕಾಯಿತು.

ಎರಡು ಆಕ್ಷೇಪಗಳು

ಬೆಲೆಯಿಲ್ಲದ್ದನ್ನು ಕಲಿತರೆ ಕೆಲಸ ಸಿಕ್ಕುವದೇ ಎಂದು ತಂದೆಗಳು ಕೇಳುವದು ಸಹಜವು. ಕೆಲಸವು ಯಾವದನ್ನು ಬೇಡುತ್ತದೋ ಅದನ್ನು ಕಲಿಯಲೇಬೇಕು. ವಿಜಯಪುರದ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸವನ್ನು ಬಯಸುವವಳಿಗೆ ಬೆಂಗಳೂರಿನ ಕಂಪನಿಯದೇ ಆದ ಟ್ಯಾಲಿಯು ಬೇಕಾಗಬಹುದು. ಅದು ಬೆಲೆಯುಳ್ಳದ್ದು, ಆದರೂ ತಿಂಗಳಿನ ಕೆಲವೇ ತಾರೀಖುಗಳಲ್ಲಿ ಲೆಕ್ಕವನ್ನು ನಮೂದಿಸಲು ಬಿಡುವ ಅಭ್ಯಾಸದ ರೂಪವೊಂದನ್ನು ಕಂಪನಿಯು ಉಚಿತವಾಗಿ ಕೊಡುತ್ತದೆ. ಹೀಗೆ ನ್ಯಾಯವಾದ ದಾರಿಯು ಇರುವಾಗ ಕಳ್ಳ ಪ್ರತಿಯ ಅಗತ್ಯವೇನು? ಆದರೆ ಸಾಧನವನ್ನು ಉಪಯೋಗಿಸುವದು ಬೇರೆ, ಸಾಧನವನ್ನು ರಚಿಸುವದು ಬೇರೆ. ರಚಿಸುವದನ್ನು ಕಲಿಯುವವಳಿಗೆ ತರ್ಕವೇ ಮುಖ್ಯ. ಅದನ್ನು ಮುಕ್ತವಾದ ಭಾಷೆಯಲ್ಲಿ ಚೆನ್ನಾಗಿ ಕಲಿತರೆ ಮುಂದೆ ಕಂಪನಿಯು ಕೊಡುವ ಯಾವ ಸಾಧನಕ್ಕಾದರೂ ಒಗ್ಗಿಕೊಳ್ಳಬಹುದು.

ಎರಡನೆಯ ಆಕ್ಷೇಪವು ಇನ್ನೂ ಗಟ್ಟಿಯಾದದ್ದು. ಪರವಾನಿಗೆಗೆ ಬೆಲೆಯಿಲ್ಲದ ಮಾತ್ರಕ್ಕೆ ಕಲಿಕೆಗೆ ಖರ್ಚಿಲ್ಲವೆಂದಲ್ಲ. ಯಂತ್ರ, ವಿದ್ಯುತ್ತು, ಇಂಟರ್ನೆಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಅರಿತು ಹೇಳಿಕೊಡುವವರು, ಇವೆಲ್ಲ ಬೇಕು. ಲಿನಕ್ಸು ಕೆಟ್ಟು ನಿಂತರೆ ಸರಿಪಡಿಸುವವರು ತಿಕೋಟಾದಲ್ಲಿ ಸಿಕ್ಕದೆ ಹೋಗಬಹುದು. ಇದನ್ನು ನಾವು ಅಲ್ಲಗಳೆಯುವದಿಲ್ಲ. ಸ್ವಲ್ಪ ಸಹಾಯವು ಮಾತ್ರ ದೊರೆಯುವಂತಿದೆ: ಮುಂಬಯಿಯ ಐ.ಐ.ಟಿ.ಯ ಸ್ಪೋಕನ್ ಟ್ಯುಟೋರಿಯಲ್ ಎಂಬ ಯೋಜನೆಯು ಮುಕ್ತ ತಂತ್ರಾಂಶಗಳ ಚಿಕ್ಕ ಚಿಕ್ಕ ಪಾಠಗಳನ್ನು ಕನ್ನಡವೇ ಮೊದಲಾದ ಭಾರತೀಯ ಭಾಷೆಗಳಲ್ಲಿ ಉಚಿತವಾಗಿ ಕೊಡುತ್ತದೆ. ಉಳಿದದ್ದನ್ನು ಮಾಜೀ ವಿದ್ಯಾರ್ಥಿನಿಯರು ತುಂಬಬಲ್ಲರು. ಈ ಉದ್ಯೋಗದಲ್ಲಿರುವ ಅಕ್ಕಂದಿರು ರಜೆಗೆ ಊರಿಗೆ ಬಂದಾಗ ನಾಲ್ಕು ತಂಗಿಯರನ್ನು ಕೂಡಿಸಿಕೊಂಡು ಎರಡು ಗಂಟೆ ಹೇಳಿಕೊಟ್ಟರೆ, ಯಾವ ಪರವಾನಿಗೆಯೂ ಕೊಡಲಾರದ ಸಹಾಯವಾಗುವದು.

ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು

ಮಗಳನ್ನು ಯಾವದೇ ತರಗತಿಗೆ ಸೇರಿಸುವದಕ್ಕೆ ಮುಂಚೆ ತಾಯಿತಂದೆಗಳು ಈ ಐದು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ವಿನಂತಿ. ಇಂಗ್ಲಿಷು ಬಾರದವರೂ ಇವನ್ನು ಕೇಳಬಹುದು.

೧. ಇಲ್ಲಿ ಕಲಿಸುವ ತಂತ್ರಾಂಶವನ್ನು ನಮ್ಮ ಮಗಳು ಮನೆಯ ಯಂತ್ರದಲ್ಲಿ ನ್ಯಾಯವಾಗಿ ಹಾಕಿಕೊಳ್ಳಬಹುದೇ?

೨. ಅದಕ್ಕೆ ಬೆಲೆಯಿದ್ದರೆ ಒಂದೇ ಸಲವೋ, ಪ್ರತಿವರ್ಷವೋ?

೩. ವಿದ್ಯಾರ್ಥಿಯ ರಿಯಾಯಿತಿಯು ಮುಗಿದ ಮೇಲೆ ಎಷ್ಟಾಗುವದು?

೪. ನಮ್ಮಲ್ಲಿರುವ ಯಂತ್ರದಲ್ಲಿಯೇ ಅದು ನಡೆಯುವದೋ, ಬೇರೆ ಯಂತ್ರವನ್ನು ಕೊಳ್ಳಬೇಕೋ?

೫. ನಾಳೆ ಒಡೆಯರು ಕರಾರನ್ನು ಬದಲಿಸಿದರೆ, ಕಲಿತ ವಿದ್ಯೆಯನ್ನು ಬೇರೆ ಸಾಧನದಲ್ಲಿ ಉಪಯೋಗಿಸಬಹುದೇ?

ಈ ಪ್ರಶ್ನೆಗಳಿಗೆ ನೇರವಾದ ಉತ್ತರವು ದೊರೆಯದ ಸ್ಥಳದಲ್ಲಿ ಫೀ ಕಟ್ಟಲು ಅವಸರಪಡಬಾರದು. ಉತ್ತರವು ದೊರೆತು, ಬೆಲೆ ಕೊಡುವದೇ ಹಿತವೆಂದು ತೋರಿದರೆ ಸಂತೋಷದಿಂದ ಕೊಡಬೇಕು. ಬೆಲೆ ತೆರುವದು ಅವಮಾನವಲ್ಲ, ತಿಳಿಯದೆ ತೆರುವದು ನಷ್ಟ. ಹೆಣ್ಣುಮಗಳ ಓದಿಗೆಂದು ಮನೆಯಲ್ಲಿ ತೆಗೆದಿಟ್ಟ ಹಣವು ಎರಡನೆಯ ಸಲ ಬರುವದು ಕಠಿಣವೆಂಬದನ್ನು ನಮ್ಮ ವಾಚಕರಿಗೆ ಹೇಳಿಕೊಡಬೇಕಾಗಿಲ್ಲ. ಆದದರಿಂದ ಮೊದಲನೆಯ ಕಲಿಕೆಯನ್ನು ಸಾಧ್ಯವಾದ ಮಟ್ಟಿಗೆ ಮುಕ್ತವಾದ ಸಾಧನದಲ್ಲಿ ಆರಂಭಿಸಿ, ಆ ಹಣವನ್ನು ಒಳ್ಳೆಯ ಯಂತ್ರಕ್ಕೂ ಒಳ್ಳೆಯ ಉಪಾಧ್ಯಾಯರಿಗೂ ಮೀಸಲಿಡುವದು ಲೇಸೆಂದು ನಾವು ಭಾವಿಸುತ್ತೇವೆ. ಹಾಗೆ ಕಲಿತವಳು ಬರುವ ವರ್ಷಕ್ಕೆ ಬೀಜವನ್ನು ತನ್ನ ಮನೆಯಲ್ಲಿಯೇ ಇಟ್ಟುಕೊಂಡಂತಾಗುವದು.